ಮಂಕು ನಕ್ಷತ್ರದ ಮೇಲೆ ಟಾರ್ಚು

ಕತ್ತಲೆಗಾಗಿ ನಾನು ಮರುಭೂಮಿಗಳನ್ನು ಸುತ್ತಿದವಳು. ಅಲ್ಲೆಲ್ಲ ಸಿಕ್ಕ ಕತ್ತಲೆ ಅಬಲೂರಿನ ಮಾಳಿಗೆಯ ಮೇಲೆ ಮಾತ್ರ ಸಿಗಲಿಲ್ಲ.

ನಾನು ಬೆನ್ನು ಹತ್ತಿದ್ದು ಬರಿಗಣ್ಣಿಗೆ ಕಾಣದ ಒಂದು ಮಂಕು ನಕ್ಷತ್ರ. ಅರ್ಧ ದಿನಕ್ಕೊಮ್ಮೆ ಅದು ಹಿಗ್ಗಿ ಕುಗ್ಗುತ್ತದೆ. ನಿಧಾನವಾಗಿ ಮಸುಕಾಗಿ, ಆಮೇಲೆ ಒಮ್ಮೆಲೇ ಬೆಳಗುತ್ತದೆ. ಆ ಬೆಳಗುವ ಗಳಿಗೆ ಅವತ್ತು ಮುಸ್ಸಂಜೆಯ ಬೆನ್ನಿಗೇ ಇತ್ತು. ನಕ್ಷತ್ರ ಆಗಲೇ ಪಡುವಣಕ್ಕೆ ಜಾರಿ, ಇನ್ನೆರಡು ದಿನಕ್ಕೆ ಸೂರ್ಯನ ಬೆಳಕಿನಲ್ಲಿ ಮುಳುಗುವುದರಲ್ಲಿತ್ತು; ತಪ್ಪಿದರೆ ಆ ವರ್ಷ ಮತ್ತೆ ಸಿಗುವಂತಿರಲಿಲ್ಲ. ಹಾಗಾಗಿ ಮನೆಯೊಡತಿ ಗಂಗವ್ವನನ್ನು ಗೋಗರೆದು ದೀಪಗಳನ್ನೆಲ್ಲ ಆರಿಸುವಂತೆ ಮಾಡಿದೆ.

"ಲಕ್ಷ್ಮಿ ಬರೋ ಹೊತ್ತರಿ ಅಕ್ಕಾರ," ಎಂದು ಗೊಣಗುತ್ತಲೇ ಆಕೆ ಒಪ್ಪಿದಳು.

ದೂರದರ್ಶಕಕ್ಕೆ ಜೋಡಿಸಿದ್ದ ಕ್ಯಾಮೆರಾದ ಪರದೆಯಲ್ಲಿ ನಕ್ಷತ್ರ ಬೆಳಗತೊಡಗಿತ್ತು. ಅಷ್ಟರಲ್ಲಿ ಓಣಿಯ ಮಂದಿಯೆಲ್ಲ ಮೊಬೈಲ್ ಟಾರ್ಚು ಹಿಡಿದು ಮಾಳಿಗೆ ಹತ್ತಿಬಂದರು. ದೀಪ ಹಚ್ಚುವ ಹೊತ್ತಿನಲ್ಲಿ ಮನೆ ಕತ್ತಲಾಗಿದ್ದರೆ ಒಳಗೆ ಸಾವಾಗಿದೆ ಎಂದೇ ಅವರ ಲೆಕ್ಕ!

"ಯಾರು ಹ್ವಾದ್ರು ಗಂಗವ್ವಾ?" ಎನ್ನುತ್ತ ಒಬ್ಬ ಅಜ್ಜಿ ಟಾರ್ಚನ್ನು ನೇರ ದೂರದರ್ಶಕದ ಬಾಯಿಗೇ ಹಿಡಿದಳು. ಪರದೆಯೆಲ್ಲ ಬೆಳ್ಳಗಾಯಿತು.

"ಆರಸ್ರೀ ಅದನ್ನ! ನನ್ನ ನಕ್ಷತ್ರ ಹೋತು!" ಎಂದು ಕಿರುಚಿದೆ.

"ಕತ್ತಲದಾಗ ದುಃಖ ಮಾಡ್ಕೊಂತ ಕುಂಡ್ರಬಾರ್ದರಿ," ಎಂದು ಇನ್ನೊಬ್ಬ ತನ್ನ ಟಾರ್ಚನ್ನೂ ಇತ್ತಲೇ ತಿರುಗಿಸಿದ.

ಇದೆಂಥ ಉಪಕಾರ! ಸಂತೈಸುವುದಕ್ಕೆ ಇಷ್ಟೊಂದು ಬೆಳಕು ಯಾಕೆ ಬೇಕು? ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಅಜ್ಜಿ ಪಕ್ಕ ಕುಳಿತು ಬೆನ್ನು ಸವರಿದಳು.

"ಅಳಬ್ಯಾಡವಾ. ಭಾಳ ವಯಸ್ಸಾಗಿತ್ತೇನು?"

ಆ ಜಾತಿಯ ನಕ್ಷತ್ರಗಳಷ್ಟು ಮುದುಕರು ಆಕಾಶದಲ್ಲೇ ಅಪರೂಪ. ಹಲ್ಲು ಕಚ್ಚಿ ನಿಜವನ್ನೇ ಹೇಳಿದೆ: "ಹೂಂ, ಭಾಳ ಆಗಿತ್ತು."

"ಹಂಗಾರ ಪುಣ್ಯದ ಸಾವು ಬಿಡವಾ."

ಸತ್ತವರು ಮಾತ್ರ ಅಷ್ಟೊತ್ತಿಗೆ ಪಡುವಣದಲ್ಲಿ ಪೂರ್ತಿ ಬೆಳಗುತ್ತಿದ್ದಿರಬೇಕು.