ರಿವೆಟ್ ಹೊಡೆದ ಕಂದು ಕಾರು

ಲೂಷಿಯಸ್ ಪೆಟ್‌ವೇ ಜರ್ಮನಿಯ ಅಮೆರಿಕನ್ ವಾಯುನೆಲೆಗೆ ಬಂದು ಮೂರು ವರ್ಷವಾಗಿತ್ತು. ಅಷ್ಟರಲ್ಲಿ ಆರು ಹಳೆಯ ಕಾರುಗಳು ಅವನ ಕೈ ದಾಟಿ ಹೋಗಿದ್ದವು. ಒಂದರ ಬಾಗಿಲನ್ನು ಹಗ್ಗದಿಂದ ಬಿಗಿಯಬೇಕಿತ್ತು. ಇನ್ನೊಂದನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಮಾತ್ರ ಮರುದಿನ ಹೊರಡುತ್ತಿತ್ತು. ಅವನು ಯಾವುದನ್ನೂ ಬೈದವನಲ್ಲ. ಅಲಬಾಮದಲ್ಲಿ ಅವನಪ್ಪ ಬದುಕಿಡೀ ನಡೆದೇ ಸವೆದಿದ್ದ. ಉರುಳುವುದೆಲ್ಲ ಮಗನ ಪಾಲಿಗೆ ದೇವರ ದಯೆಯೇ.

ಏಳನೆಯದು ಕಂದು ಬಣ್ಣದ್ದು. ಊರಿಗೆ ಮರಳುವವರು ಇಂಥ ಕಾರನ್ನು ಹೊಸಬರಿಗೆ ಕೊಟ್ಟು ಹೋಗುವುದು ಅಲ್ಲಿನ ರೂಢಿ. ಪೆಟ್‌ವೇ ಸೋಮವಾರ ಹೊರಡುವವನು. ಕಾರು ಯಾರಿಗೆಂದು ಹೆಂಡತಿ ಅರ್ಲೀನ್ ಆಗಲೇ ನಿಶ್ಚಯಿಸಿದ್ದಳು: ನೆಲೆಗೆ ಹೊಸದಾಗಿ ಬಂದು, ಎಂಟು ಮೈಲಿ ಆಚೆಯ ಹಳ್ಳಿಯಲ್ಲಿ ಬಾಡಿಗೆಗಿದ್ದ, ತುಂಬುಬಸುರಿ ಡಾರ್ಲಾಳಿಗೆ. ಆ ಹಳ್ಳಿಗೆ ದಿನಕ್ಕೊಂದೇ ಬಸ್ಸು. ಆದರೆ ಕೈ ಬದಲಾಗುವ ಮುನ್ನ ಕಾರು ತಪಾಸಣೆಯಲ್ಲಿ ಪಾಸಾಗಬೇಕು, ಇಲ್ಲವೇ ಗುಜರಿ ಸೇರಬೇಕು.

ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಕಾರಿನ ತಳವನ್ನು ತಿಂದುಹಾಕಿತ್ತು. ಪೆಟ್‌ವೇ ವಿಮಾನದ ತಗಡು ಕೆಲಸದವನು. ಎರಡು ಸಂಜೆ ಕೂತು ಅಲ್ಯೂಮಿನಿಯಂ ತೇಪೆ ಕತ್ತರಿಸಿ, ವಿಮಾನಕ್ಕೆ ಹೊಡೆಯುವಂತೆ ಸಾಲಾಗಿ ರಿವೆಟ್ ಮೊಳೆ ಹೊಡೆದ. ಒಂದೂ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ.

ಶುಕ್ರವಾರ, ತಪಾಸಣೆಯ ಕ್ಲಾಸೆನ್ ಕಾರಿನಡಿ ನುಸುಳಿದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

"ಸಾರ್ಜೆಂಟ್ರೇ, ಇದನ್ನ ಯಾರು ಮಾಡಿದ್ದು?"

"ನಾನೇ."

"ಕಣ್ಣಿಗೆ ಹಬ್ಬ ಕಣ್ರೀ. ಆದ್ರೆ ನಿಮ್ ಕಾರು ಹಾರಲ್ವಲ್ಲ! ತಳಕ್ಕೆ ಉಕ್ಕು ಹಾಕಿ ವೆಲ್ಡ್ ಮಾಡ್ಬೇಕು. ರಿವೆಟ್ ನಡೆಯಲ್ಲ."

"ಇದೇ ರಿವೆಟ್ ನಂಬ್ಕೊಂಡು ನಮ್ ಪೈಲಟ್‌ಗಳು ಮೋಡದ ಮೇಲೆ ಹೋಗ್ತಾರಲ್ರೀ!"

"ಹೋಗ್ಲಿ ಬಿಡಿ, ಅಲ್ಲಿ ನನ್ನ ಕಾನೂನಿಲ್ಲ. ನಾಳೆ ಹನ್ನೆರಡಕ್ಕೆ ಬಾಗಿಲು ಹಾಕ್ತೀನಿ."

ಪೆಟ್‌ವೇ ಮುಖ ಊದಿಸಿಕೊಂಡು ಮನೆಗೆ ಬಂದ. "ಇಪ್ಪತ್ತು ವರ್ಷದ ಕೈ ಕಣೇ ಇದು. ಕಿತ್ತುಹಾಕು ಅಂತಾನೆ!"

"ನಿನ್ ಕೈನ ಇಲ್ಲಿ ಯಾರೂ ಹೀಗಳೀತಿಲ್ಲ," ಎಂದಳು ಅರ್ಲೀನ್ ಮೆಕ್ಕೆಜೋಳದ ರೊಟ್ಟಿ ಮುರಿದಿಡುತ್ತ. "ಹೆರಿಗೆ ನೋವು ಬಂದಾಗ ಆ ಹುಡ್ಗಿ ನಿನ್ ರಿವೆಟ್ ಎಣಿಸ್ತಾ ಕೂರ್ಬೇಕೇನು?"

ಅಂದು ಊಟದ ಮುಂಚಿನ ಪ್ರಾರ್ಥನೆಯಲ್ಲಿ ಅವನು ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿದ್ದ.

ಶನಿವಾರ ಬೆಳಗ್ಗೆಯೇ ಟ್ರ್ಯಾಕ್ಟರ್ ರಿಪೇರಿಯ ಥೆಲೆನ್ ಮುದುಕನ ಕೊಟ್ಟಿಗೆಗೆ ಕಾರು ಹೋಯಿತು. ಥೆಲೆನ್ ತಳ ನೋಡಿ ಸಿಳ್ಳೆ ಹಾಕಿದ. "ಇದನ್ನ ಕೀಳೋದಾ? ಪಾಪ ಸುತ್ಕೊಳ್ಳುತ್ತಪ್ಪಾ. ನನ್ ಕೈಲಾಗಲ್ಲ."

"ನಾನ್ ಕೀಳ್ತೀನಿ. ನೀವು ಬೆಸೀರಿ."

ಪೆಟ್‌ವೇ ಡ್ರಿಲ್ ಹಿಡಿದು ಒಂದೊಂದೇ ರಿವೆಟ್ ತೆಗೆದ. ಮೊದಲ ನಾಲ್ಕನ್ನು ತಡೆತಡೆದು ಕಿತ್ತ. ಆಮೇಲೆ ಕೈ ತಾನೇ ಹಗುರಾಯಿತು. ಥೆಲೆನ್ ಬೆಸೆದದ್ದು ಗಂಟುಗಂಟಾಗಿ, ಸುಟ್ಟ ಗಂಜಿಯ ಹಾಗೆ ಕಾಣುತ್ತಿತ್ತು.

ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿತ್ತು. ಕ್ಲಾಸೆನ್ ಸುತ್ತಿಗೆಯಿಂದ ತಟ್ಟಿ ನೋಡಿ, "ಥೂ, ಎಂಥಾ ಕುರೂಪ! ಪಾಸು," ಎಂದು ಮುದ್ರೆ ಒತ್ತಿದ.

ಮಧ್ಯಾಹ್ನ ಡಾರ್ಲಾ ಸೀಟಿನಲ್ಲಿ ಕೂತಾಗ ಹೊಟ್ಟೆ ಸ್ಟೀರಿಂಗಿಗೆ ತಾಗಿತು. ಪೆಟ್‌ವೇ ಬಗ್ಗಿ ಸೀಟನ್ನು ಎರಡು ಬೆರಳು ಹಿಂದೆ ಸರಿಸಿದ.

"ಅಣ್ಣಾ, ಇದ್ರ ಬಗ್ಗೆ ಏನಾದ್ರೂ ತಿಳ್ಕೋಬೇಕಾ?"

"ತಳ ಗಟ್ಟಿಯಾಗಿದೆ ತಾಯಿ. ಬಗ್ಗಿ ಮಾತ್ರ ನೋಡ್ಬೇಡ."

ಅವಳು ನಗುತ್ತಲೇ ಗೇರು ಹಾಕಿದಳು.