ಸುವರ್ಣಮ್ಮನ ಅಳತೆಯ ಸೈಕಲ್

ಅರುಂಬಾಕ್ಕಂನ ಆ ಬೀದಿಯಲ್ಲಿ ಬ್ಲೌಸ್ ಹೊಲಿಸಬೇಕೆಂದರೆ ಸುವರ್ಣಮ್ಮನ ಬಾಗಿಲಿಗೇ ಹೋಗಬೇಕು. ದಾವಣಗೆರೆಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಆಕೆಗೆ ತಮಿಳಿನಲ್ಲಿ ಉಪ್ಪು ಕೇಳಲೂ ಬರುತ್ತಿರಲಿಲ್ಲ. ಈಗ ಫಿಟ್ಟಿಂಗ್ ಬಗ್ಗೆ ತಕರಾರು ತೆಗೆದವರ ನೀರಿಳಿಸುತ್ತಾಳೆ, ಅದೂ ತಮಿಳಿನಲ್ಲೇ. ಆಕೆ ಕತ್ತರಿ ಹಾಕಿದ ಬಟ್ಟೆ ಕೆಟ್ಟಿದ್ದೇ ಇಲ್ಲ. ಅದಕ್ಕೊಂದು ಉಪಾಯವೂ ಇತ್ತು ಅನ್ನಿ: ಯಾರದೇ ಬ್ಲೌಸಾಗಲಿ, ಪಕ್ಕದ ಹೊಲಿಗೆಯಲ್ಲಿ ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದಳು. ದೊಡ್ಡದಾದರೆ ಹಿಡಿಯಬಹುದು, ಚಿಕ್ಕದಾದರೆ ಬಟ್ಟೆ ಎಲ್ಲಿಂದ ತರೋದು ಅನ್ನುವುದು ಆಕೆಯ ಲೆಕ್ಕ.

ಈ ಲೆಕ್ಕವನ್ನೇ ಹೊತ್ತುಕೊಂಡು ಹೋಗಿ ಸೈಕಲ್ ಅಂಗಡಿಯಲ್ಲಿ ಹೂಡಿದಳು ನೋಡಿ, ಅಲ್ಲಿಂದ ಶುರುವಾಯಿತು ತಾಪತ್ರಯ.

ಐವತ್ತು ದಾಟಿದ ಮೇಲೆ ಸೈಕಲ್ ಯಾಕೆ ಅಂತ ಕೇಳಬೇಡಿ. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲನ್ನು ಒಳಪೆಡಲ್ ತುಳಿದು ಓಡಿಸಿದವಳು ಆಕೆ. ಬೀದಿಯ ಹೆಂಗಸರು ಒಂದು ಗುಂಪು ಕಟ್ಟಿಕೊಂಡು, ಪೊಂಗಲ್ ಕಳೆದ ಮೇಲಿನ ಭಾನುವಾರ ತಿರುವಾನ್ಮಿಯೂರಿನಿಂದ ಊರಾಚೆಯ ಕೋವಳಂ ಕಡಲತೀರದವರೆಗೆ ಸೈಕಲ್ಲಿನಲ್ಲಿ ಹೋಗುವುದು ಅಂತ ನಿಶ್ಚಯ ಮಾಡಿದಾಗ, ಎಲ್ಲರಿಗಿಂತ ಮೊದಲು ಕೈ ಎತ್ತಿದವಳೂ ಆಕೆಯೇ. ದಾವಣಗೆರೆಯ ನೆಂಟರಿಗೆಲ್ಲ ಫೋನು ಮಾಡಿ ಸಾರಿಯೂ ಆಯಿತು.

ಅಂಗಡಿ ನಡೆಸುವ ಸಾಯಿ ಒಂದೇ ನಮೂನೆಯ ಸೈಕಲ್ಲನ್ನು ಎರಡು ಅಳತೆಯಲ್ಲಿ ತೋರಿಸಿದ. ಸುವರ್ಣಮ್ಮ ದೊಡ್ಡದಕ್ಕೇ ಕೈ ಹಾಕಿದಳು. ಸೀಟು ಇಳಿಸಬಹುದಲ್ಲ! ಜೊತೆಗೆ ಹೋಗಿದ್ದ ಗಂಡ ಗಂಗಾಧರಪ್ಪ, ಕೋಯಂಬೇಡಿನಲ್ಲಿ ಈರುಳ್ಳಿ ವ್ಯಾಪಾರ ಮಾಡುವ ಮನುಷ್ಯ, ಸ್ವಲ್ಪ ದೊಡ್ಡದಾಯಿತೇನೋ ಅಂತ ಮೆಲ್ಲಗೆ ಅಂದದ್ದಕ್ಕೆ, ಅಳತೆಯ ವಿಷಯ ನನಗೆ ಬಿಡಿ ಅಂತ ಬಾಯಿ ಮುಚ್ಚಿಸಿದಳು.

ಕಾಲು ನೆಲಕ್ಕೆ ತಾಗಲಿ ಅಂತ ಸೀಟನ್ನು ತಳಕ್ಕೆ ಇಳಿಸಿದ್ದಾಯಿತು. ತುಳಿಯುವಾಗ ಮೊಣಕಾಲು ಮಡಚಿಕೊಂಡು ಮೇಲೆ ಬರುತ್ತಿತ್ತು. ಹ್ಯಾಂಡಲ್ ಮಾತ್ರ ಅಷ್ಟು ದೂರದಲ್ಲಿ! ರೊಟ್ಟಿ ತಟ್ಟುವವಳ ಹಾಗೆ ಮುಂದಕ್ಕೆ ಬಾಗಿ, ತೋಳು ಚಾಚಿಕೊಂಡೇ ಓಡಿಸಬೇಕು. ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತಿತ್ತು, ಬೆರಳು ಜೋಮು ಹತ್ತಿ ಸಂಜೆ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ. ಅಭ್ಯಾಸವಾಗುತ್ತದೆ ಅಂದುಕೊಂಡಳು. ಒಂದು ಬೆಳಿಗ್ಗೆ ಅಮಿಂಜಿಕರೈ ಸಿಗ್ನಲ್ಲಿನಲ್ಲಿ ಸೀಟಿನಿಂದ ಮುಂದಕ್ಕೆ ಜಾರಿ ನಿಲ್ಲಲು ಹೋದಾಗ ನಡುವಿನ ಕಂಬಿ ಅಡ್ಡಬಂದು, ಕಾಲು ನೆಲಕ್ಕೆ ಪೂರ್ತಿ ಊರದೆ, ಬಸ್ಸಿನವರೆಲ್ಲ ನೋಡುವಂತೆ ದೊಪ್ಪನೆ ಬಿದ್ದಳು.

ಗಂಗಾಧರಪ್ಪ ಬೈಯಲಿಲ್ಲ. ಮೊಣಕಾಲಿಗೆ ಮುಲಾಮು ಸವರುತ್ತಾ, "ವಯಸ್ಸಾಯ್ತಲ್ಲ ಸುವರ್ಣಾ, ಇನ್ನು ಸಾಕು ಬಿಡು," ಅಂದ. ಬೈದಿದ್ದರೇ ಚೆನ್ನಾಗಿತ್ತು. ಇರಬಹುದೇನೋ, ಮೈಯೇ ಕೈಕೊಟ್ಟಿತೇನೋ ಅಂತ ಆಕೆಗೂ ಅನ್ನಿಸಿ ದುಃಖ ಒತ್ತರಿಸಿ ಬಂತು. ಸೈಕಲ್ ಮಾರಿಬಿಡಿ ಅನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

ಮಾರನೆಯ ದಿನ ಎದುರುಮನೆಯ ಸರಸ ಒಂದು ರೆಡಿಮೇಡ್ ಬ್ಲೌಸ್ ತಂದು, ದೊಡ್ಡದಾಗಿದೆ, ಹಿಡಿದುಕೊಡು ಅಂದಳು. ಸುವರ್ಣಮ್ಮ ತೊಡಿಸಿ ನೋಡಿ ತಲೆ ಅಲ್ಲಾಡಿಸಿದಳು. ಸೊಂಟ ಬೇಕಾದರೆ ಹಿಡಿಯುತ್ತೇನೆ, ಆದರೆ ಭುಜವೇ ನಿನ್ನದಲ್ಲವಲ್ಲ. ಭುಜ ತಪ್ಪಿದ ಬ್ಲೌಸಿಗೆ ಸೊಂಟ ಎಷ್ಟು ಹಿಡಿದರೂ ಅದು ನಿನ್ನ ಮೈಗೆ ಕೂರುವುದಿಲ್ಲ...

ಸರಸಳ ಭುಜದ ಮೇಲೆ ಇಟ್ಟ ಕೈ ಅಲ್ಲೇ ಇತ್ತು, ಕಣ್ಣು ಮಾತ್ರ ಬಾಗಿಲಾಚೆ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮೇಲೆ. ಸೀಟು ಇಳಿಸಿದ್ದು ಸೊಂಟ ಹಿಡಿದ ಹಾಗೆ. ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ಉದ್ದ ಇದೆಯಲ್ಲ, ಅದು ಭುಜ. ಅಯ್ಯೋ ನನ್ನ ಬುದ್ಧಿಗಿಷ್ಟು!

ಸಂಜೆ ಮಗಳು ಪೂರ್ಣಿಮಾ ಗಿಂಡಿಯ ಆಫೀಸಿನಿಂದ ಬಂದದ್ದೇ ತಡ, ಆಕೆಯ ಕೈಗೆ ಟೇಪು ಕೊಟ್ಟು ತಾನು ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ತೊಡೆಯ ಸಂದಿಯಿಂದ ಹಿಮ್ಮಡಿಯವರೆಗೆ, ಭುಜದಿಂದ ಮುಷ್ಟಿಯವರೆಗೆ. ಎಲ್ಲರ ಅಳತೆ ತೆಗೆದವಳು ತನ್ನ ಅಳತೆ ತೆಗೆಸಿಕೊಂಡದ್ದು ಅದೇ ಮೊದಲು. ಮಗಳು ತಮಿಳಿನಲ್ಲಿ ಏನೇನೋ ಕೇಳಿ ನಗುತ್ತಿದ್ದಳು. ಸುವರ್ಣಮ್ಮನಿಗೆ ನಗು ಬರಲಿಲ್ಲ. ಇನ್ನು ಗಂಡನಿಗೆ ಹೇಳಬೇಕಿತ್ತು. ವಯಸ್ಸಿನ ಮೇಲೆ ಹಾಕಿ ಸುಮ್ಮನಿದ್ದರೆ ಟೈಲರಿನ ಮರ್ಯಾದೆ ಉಳಿಯುತ್ತಿತ್ತು, ಆದರೆ ಕೋವಳಂ ಕೈತಪ್ಪುತ್ತಿತ್ತು.

ಊಟಕ್ಕೆ ಬಡಿಸುತ್ತಾ ಹೇಳಿಯೇಬಿಟ್ಟಳು. "ರೀ, ನನಗೆ ವಯಸ್ಸಾಗಿದ್ದಲ್ಲ. ನಾನು ಅಳತೆ ತಪ್ಪಿದ್ದು."

ಗಂಗಾಧರಪ್ಪನಿಗೆ ಛೇಡಿಸಲು ಇದಕ್ಕಿಂತ ಒಳ್ಳೆಯ ಸಮಯ ಜನ್ಮದಲ್ಲಿ ಸಿಕ್ಕಿರಲಿಲ್ಲ. ಆದರೂ ಆತ ಸಾರು ಕಲಸಿಕೊಂಡು, ನಾಳೆ ಈರುಳ್ಳಿ ಗಾಡಿ ಖಾಲಿ ಇದೆ, ಸೈಕಲ್ ಹಾಕಿಕೊಂಡು ಹೋಗೋಣ ಅಂದ. ಸುವರ್ಣಮ್ಮ ಮುಖ ತಿರುಗಿಸಿಕೊಂಡು ಅಡುಗೆಮನೆಗೆ ನಡೆದಳು, ಕಣ್ಣು ತುಂಬಿದ್ದು ಕಾಣಬಾರದಲ್ಲ.

ಸಾಯಿ ಒಳ್ಳೆಯವನು. ಹ್ಯಾಂಡಲ್ ಹತ್ತಿರಕ್ಕೆ ತರುವ ಗಿಡ್ಡ ತುಂಡು ಹಾಕಿಕೊಡಲೇ ಅಂದ. ಆಲ್ಟರೇಷನ್ ನನ್ನ ಕಸುಬಪ್ಪಾ, ನನಗೆ ಬೇಡ, ನನ್ನ ಅಳತೆಯದೇ ಕೊಡು ಅಂದಳು. ಸ್ವಲ್ಪವೇ ಓಡಿದ್ದ ದೊಡ್ಡದನ್ನು ಆತ ವಾಪಸ್ ಇಟ್ಟುಕೊಂಡು ಚಿಕ್ಕದನ್ನು ಇಳಿಸಿದ. ಕಂಬಿಯ ಆಚೀಚೆ ಕಾಲಿಟ್ಟು ನಿಂತರೆ ನಡುವೆ ಅಂಗೈ ತೂರುವಷ್ಟು ಜಾಗ. ಸೀಟು ಏರಿಸಿ ಕೂತರೆ ಪೆಡಲ್ ಕೆಳಗೆ ಬಂದಾಗ ಕಾಲು ಹೆಚ್ಚುಕಡಿಮೆ ನೇರ, ಮೊಣಕಾಲಿನಲ್ಲಿ ಒಂಚೂರು ಬಾಗು. ಹ್ಯಾಂಡಲ್ ಹಿಡಿದರೆ ಮೊಣಕೈಗಳು ಸಡಿಲವಾಗಿ ಇಳಿಬಿದ್ದವು. ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದವಳು ಇಳಿಯದೆಯೇ ಇನ್ನೊಂದು ಸುತ್ತು ಹೊರಟಳು.

ಆ ಭಾನುವಾರ ಕೋವಳಂ ತಲುಪಿದಾಗ ಬಿಸಿಲು ಇನ್ನೂ ಚುರುಕಾಗಿರಲಿಲ್ಲ. ಗಂಗಾಧರಪ್ಪ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಗಾಡಿಯಲ್ಲಿ ಮೊದಲೇ ಬಂದು ಕಾದಿದ್ದ. ದೂರದಲ್ಲಿ ಹೆಂಡತಿ ಬೆನ್ನು ಸಡಿಲ ಬಿಟ್ಟುಕೊಂಡು ಬರುವುದನ್ನು ಕಂಡು, ಪಕ್ಕದಲ್ಲಿದ್ದ ಎಳನೀರಿನವನಿಗೆ, ನಮ್ಮ ಮನೆಯವಳು ಅಂತ ಅವನು ಕೇಳದಿದ್ದರೂ ಹೇಳಿದ.

ಆಕೆ ಕಾಫಿ ಕುಡಿಯುವಾಗ ಗಂಗಾಧರಪ್ಪನಿಗೂ ಒಂದು ಆಸೆ ಹುಟ್ಟಿತು. ಸೈಕಲ್ ಹತ್ತಿ ಕೂತ. ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು, ಎರಡು ಮಾರು ಹೋಗಿ ಇಳಿದ. ಸೀಟು ಇನ್ನೂ ಏರಿಸಿದರೆ ನನಗೂ ಆಗುತ್ತೇನೋ ಅಂತ ಕೆಳಗೆ ಬಾಗಿ ತಡಕಿದ.

ಸುವರ್ಣಮ್ಮ ಲೋಟ ಕೆಳಗಿಟ್ಟು ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಳು.

"ಆಗಲ್ಲ ರೀ," ಅಂದಳು. "ಇದರಲ್ಲಿ ಒಳಗೆ ಬಟ್ಟೆ ಬಿಟ್ಟಿಲ್ಲ. ಇದು ನನ್ನೊಬ್ಬಳ ಅಳತೆದು."