ಗುಡುಗಮ್ಮನ ಬೈಗುಳ
ಎಲೆಯುದುರುವ ಕಾಲದ ರಜೆಗೆ ಮಕ್ಕಳು, ಸೊಸೆಯರು, ಅಳಿಯ ಬಂದಿಳಿದರೆ ಗುಡುಗಮ್ಮನ ಬೈಗುಳ ಬಾಗಿಲಿಗೇ ಬಂದು ಸ್ವಾಗತಿಸುತ್ತಿತ್ತು: “ಚಪ್ಪಲಿ ಹೀಗಾ ಬಿಡೋದು? ಸಂತೇನಾ ಇದು?” ಮಗನ ಹೊಟ್ಟೆ, ಅಳಿಯನ ಗೊರಕೆ, ಸೊಸೆ ತೊಳೆದ ಪಾತ್ರೆ ಯಾವುದೂ ಪಾರಾಗುತ್ತಿರಲಿಲ್ಲ, ಗೋಡೆ ಗಡಿಯಾರ ಕೂಡ ಅವಳಿಗೆ ಹೆದರಿಯೇ ಸರಿಯಾದ ಹೊತ್ತು ತೋರಿಸುತ್ತಿತ್ತು. ಅಷ್ಟೂ ಜನಕ್ಕೆ ಬೇಯಿಸಿ ಬಡಿಸಿದವಳಿಗೆ ಒಂದು ಒಳ್ಳೆಯ ಮಾತಾಡುವ ಪುಣ್ಯಾತ್ಮರು ಮಾತ್ರ ಯಾರೂ ಇರಲಿಲ್ಲ. ಹೋದ ರಜೆಯಲ್ಲಿ ಲಕ್ವ ಹೊಡೆದು ಅವಳ ಮಾತೇ ಬಿದ್ದುಹೋದಾಗ ಎಲ್ಲರಿಗೂ ಆ ಬೈಗುಳದ ಬೆಲೆ ತಿಳಿಯಿತು. ಈ ಸಲ ಕಿರಿಸೊಸೆ ಬೇಕೆಂದೇ ಒದ್ದೆ ಟವೆಲನ್ನು ಹಾಸಿಗೆಯ ಮೇಲೆಸೆದು, ಉಸಿರು ಬಿಗಿಹಿಡಿದು ಅತ್ತೆಯ ಮುಖ ನೋಡಿದಳು. “ಎ... ಎತ್ತೇ ಅದನ್ನ! ಹಾಸಿಗೆ ಏನು ನಿಮ್ಮಪ್ಪಂದಾ?” ಮಾತು ತೊದಲಿತು, ಸಿಟ್ಟು ತೊದಲಲಿಲ್ಲ. ಸೊಸೆ ಅಳುತ್ತಲೇ ನಕ್ಕಳು. ಹಿರಿಮಗ ಓಡಿಬಂದ. “ಅಮ್ಮಾ, ನಂಗೂ ಒಂಚೂರು ಬೈಯಮ್ಮ!” “ನಿಂಗೂ ಇದೆ, ತಡಿ!”